ಬಣ್ಣ ನಂಬಬೇಡಿ, ಕಚ್ಚು ನೋಡಿ

ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ಕೊಂಡೆ. ಜೊತೆಗೆ ಪುಸ್ತಕ ಇಲ್ಲ. ಉದ್ದದ ಕಪ್ಪು ಸ್ಲಾಟ್ ಎರಡು, ಗಿಡ್ಡದು ಒಂದು, ಬಿಳಿಯವು ಎರಡು ಇವೆ. ಕೆಳಗಿನ ಕಪ್ಪು ಸ್ಲಾಟಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೇನೆ. ಚಿತ್ರವೇನೋ ಬರುತ್ತದೆ, ಗೇಮ್ ಮಾತ್ರ ತಡವರಿಸುತ್ತದೆ. ಯಾವ ಸ್ಲಾಟ್ ಯಾವುದು?
– ಓದುಗರು, ಡೊಂಬಿವಿಲಿ

ಉತ್ತರ: ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಆಮೇಲೆ ಕಾರ್ಡ್ ತೆಗೆದು, ಟಾರ್ಚ್ ಮತ್ತು ಶಾಲೆಯ ಸ್ಕೇಲ್ ಹಿಡಿದು ಕೂತುಕೊಳ್ಳಿ.

ಬಿಳಿ ಅಂದರೆ ಪಿಸಿಐ (ಹಳೆಯ ಬಗೆಯ ಸ್ಲಾಟ್), ಕಪ್ಪು ಅಂದರೆ ಎಕ್ಸ್‌ಪ್ರೆಸ್ (ಅದರ ನಂತರ ಬಂದ ವೇಗದ ಬಗೆ) ಅನ್ನುವುದು ಬರೀ ರೂಢಿ. ಬಣ್ಣ ತಯಾರಕರ ಇಷ್ಟ. ಹಳದಿ, ನೀಲಿ, ಕಿತ್ತಳೆ ಎಲ್ಲವೂ ಬಂದಿವೆ. ಉದ್ದವೂ ಮೋಸ ಮಾಡುತ್ತದೆ. ಪಿಸಿಐ ಸ್ಲಾಟ್ ಸುಮಾರು 85 ಮಿ.ಮೀ., ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16 ಸ್ಲಾಟ್ (ಹದಿನಾರು ಲೇನಿಗೆ, ಅಂದರೆ ಮಾಹಿತಿ ಓಡುವ ದಾರಿಗೆ, ಜಾಗ ಇರುವುದು) 89 ಮಿ.ಮೀ. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸ್ಲಾಟಿನೊಳಗಿನ ಅಡ್ಡಗೋಡೆ, ಅಂದರೆ ಕಾರ್ಡಿನ ಕಚ್ಚು ಕೂರುವ ಜಾಗ. ಎಕ್ಸ್‌ಪ್ರೆಸ್‌ನಲ್ಲಿ ಅದು ಕ್ಯಾಬಿನೆಟ್ಟಿನ ಹಿಂಬದಿಯಿಂದ, ಅಂದರೆ ಕಾರ್ಡಿನ ತಗಡು ಕೂರುವ ಕಡೆಯಿಂದ, ಒಂದು ಸೆಂಟಿಮೀಟರ್ ಚಿಲ್ಲರೆ ದೂರದಲ್ಲೇ ಸಿಗುತ್ತದೆ. ಮನೆಯ ಹಳೆಯ ಪಿಸಿಗಳಲ್ಲಿ ಬರುತ್ತಿದ್ದ 5 ವೋಲ್ಟ್ ಪಿಸಿಐ ಸ್ಲಾಟಿನಲ್ಲಿ ಆಚೆ ತುದಿಯ ಹತ್ತಿರ ಇರುತ್ತದೆ. ಇದೊಂದು ಗುರುತು ಸಾಕು, ಬಣ್ಣ ಮರೆಯಬಹುದು.

ನಿಮ್ಮ ಗಿಡ್ಡ ಸ್ಲಾಟ್ ಅಳೆದರೆ 25 ಮಿ.ಮೀ. ಬಂದೀತು. ಅದು ಎಕ್ಸ್1. ಎಕ್ಸ್4 ಆದರೆ 39, ಎಕ್ಸ್8 ಆದರೆ 56. (ಇನ್ನೂ ಹಳೆಯ ಬೋರ್ಡುಗಳಲ್ಲಿ ಮಿಕ್ಕ ಸ್ಲಾಟುಗಳಿಗಿಂತ ಒಳಕ್ಕೆ ಸರಿದು ಕೂತ ಒಂಟಿ ಕಂದು ಸ್ಲಾಟ್ ಕಂಡರೆ ಅದು ಎಜಿಪಿ, ಹಳೆಯ ಕಾಲದ ಗ್ರಾಫಿಕ್ಸ್ ಸ್ಲಾಟ್. ಈಗಿನ ಯಾವ ಕಾರ್ಡೂ ಅದಕ್ಕೆ ಕೂರುವುದಿಲ್ಲ.)

ಗೇಮ್ ಯಾಕೆ ತಡವರಿಸುತ್ತದೆ? ಎರಡು ಕಪ್ಪು ಸ್ಲಾಟುಗಳ ಉದ್ದ ಒಂದೇ ಇದ್ದರೂ ಒಳಗಿನ ವೈರಿಂಗ್ ಒಂದೇ ಇರಬೇಕೆಂದಿಲ್ಲ. ಕೆಳಗಿನದು ಎಕ್ಸ್16 ಮೈಯೊಳಗೆ ಎಕ್ಸ್4 ಲೇನ್ ಇಟ್ಟುಕೊಂಡಿರುವ ಸಾಧ್ಯತೆಯೇ ಹೆಚ್ಚು. ಟಾರ್ಚ್ ಬೆಳಕು ಬಿಟ್ಟು ಚಿನ್ನದ ಪಿನ್ ಎಣಿಸಿ. ಅಡ್ಡಗೋಡೆಯ ಈಚೆ ಒಂದು ಸಾಲಿಗೆ 11 ಪಿನ್ ಎಲ್ಲದರಲ್ಲೂ ಇರುತ್ತವೆ. ಆಚೆ 71 ಇದ್ದರೆ ಪೂರ್ತಿ ಎಕ್ಸ್16. 21ಕ್ಕೆ ನಿಂತು ಮುಂದೆ ಬರೀ ಪ್ಲಾಸ್ಟಿಕ್ ಇದ್ದರೆ ಎಕ್ಸ್4. ಕೆಲವರು ಪಿನ್ ಪೂರ್ತಿ ತುಂಬಿಸಿ ವೈರ್ ಮಾತ್ರ ನಾಲ್ಕೇ ಲೇನಿಗೆ ಎಳೆದಿರುತ್ತಾರೆ. ಆಗ ಎಣಿಕೆ ಸಾಲದು, ಜಿಪಿಯು-ಜೆಡ್ (ಗ್ರಾಫಿಕ್ಸ್ ಕಾರ್ಡಿನ ವಿವರ ತೋರಿಸುವ ಪ್ರೋಗ್ರಾಮ್) ತೆರೆದು ಬಸ್ ಇಂಟರ್‌ಫೇಸ್ ಸಾಲು ಓದಿ. ‘ಎಕ್ಸ್16’ ಆದ ಮೇಲೆ ‘@ ಎಕ್ಸ್4’ ಅಂತ ಬಂದರೆ ನಮ್ಮ ಅನುಮಾನ ನಿಜ. ಅದೇ ಸಾಲಿನಲ್ಲಿ 1.1 (ಎಕ್ಸ್‌ಪ್ರೆಸ್‌ನ ಹಳೆಯ, ನಿಧಾನದ ಆವೃತ್ತಿ) ಅಂತ ಕಂಡು ಗಾಬರಿಯಾಗಬೇಡಿ. ಕೆಲಸವಿಲ್ಲದಾಗ ಕಾರ್ಡ್ ವೇಗ ಇಳಿಸಿಕೊಂಡಿರುತ್ತದೆ. ಪಕ್ಕದ ಪ್ರಶ್ನಾರ್ಥಕ ಒತ್ತಿ ರೆಂಡರ್ ಟೆಸ್ಟ್ ಓಡಿಸಿದರೆ ನಿಜವಾದ ಅಂಕಿ ಬರುತ್ತದೆ.

ಎಕ್ಸ್‌ಪ್ರೆಸ್ 2.0 ಬೋರ್ಡಿನಲ್ಲಿ ಒಂದು ಲೇನಿಗೆ ಸೆಕೆಂಡಿಗೆ 500 ಎಂಬಿ. ನಾಲ್ಕು ಲೇನಿಗೆ 2 ಜಿಬಿ, ಹದಿನಾರಕ್ಕೆ 8 ಜಿಬಿ. ಕಾರ್ಡನ್ನು ಪ್ರೊಸೆಸರಿಗೆ ಹತ್ತಿರವಿರುವ ಸ್ಲಾಟಿಗೆ ಬದಲಿಸಿ. ತೆಗೆಯುವಾಗ ತುದಿಯ ಲಾಕ್ ಒತ್ತದೆ ಎಳೆದರೆ ಸ್ಲಾಟೇ ಬೋರ್ಡಿನಿಂದ ಕಿತ್ತುಬರುವುದುಂಟು. ಮಳೆಗಾಲದಲ್ಲಿ ಕಾರ್ಡ್ ಆಗಾಗ ಕಾಣದಂತಾದರೆ ಅದರ ಚಿನ್ನದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಅಂಗಡಿಯವರ ರಬ್ಬರ್ ಉಜ್ಜಾಟ ಒಂದೆರಡು ಸಲಕ್ಕೆ ನಡೆದೀತು. ದಿನಾ ಉಜ್ಜಿದರೆ ಚಿನ್ನದ ಲೇಪವೇ ಸವೆಯುತ್ತದೆ.

ಬೋರ್ಡಿನ ಹೆಸರು ಸ್ಲಾಟುಗಳ ನಡುವೆಯೋ ರ‍್ಯಾಮ್ ಪಕ್ಕದಲ್ಲೋ ಅಚ್ಚಾಗಿರುತ್ತದೆ. ‘ರೆವ್’ (ಆವೃತ್ತಿ) ಸಂಖ್ಯೆಯನ್ನೂ ಸೇರಿಸಿ ಬರೆದುಕೊಂಡು ತಯಾರಕರ ತಾಣದಿಂದ ಪುಸ್ತಕ ಇಳಿಸಿಕೊಳ್ಳಿ. ಒಂದೇ ಹೆಸರಿನ ಎರಡು ರೆವ್‌ಗಳ ಸ್ಲಾಟು ಬೇರೆಬೇರೆ ಇರಬಹುದು.

ಪ್ರಶ್ನೆ: ಲಾರಿ ತೂಕದ ಕಾಟಾಕ್ಕೆ ಹಳೆಯ ಪಿಸಿ ಇತ್ತು, ಕೆಟ್ಟಿತು. ಹೊಸದರಲ್ಲಿ ಕಾಟಾದ ತಂತಿ ಸಿಕ್ಕಿಸುವ ಸೀರಿಯಲ್ ಪೋರ್ಟ್ ಇಲ್ಲ, ಹಳೆಯ ಸೀರಿಯಲ್ ಕಾರ್ಡ್ ಯಾವ ಸ್ಲಾಟಿಗೂ ಕೂರುತ್ತಿಲ್ಲ. ಏನು ಮಾಡಲಿ?
– ಓದುಗರು, ವಾಸ್ಕೊ

ಉತ್ತರ: ನಿಮ್ಮದು ಪಿಸಿಐ ಕಾರ್ಡ್. ಹೊಸ ಬೋರ್ಡಿನಲ್ಲಿರುವುದು ಎಕ್ಸ್‌ಪ್ರೆಸ್. ಬಲ ಹಾಕಬೇಡಿ, ಕೂರುವುದಿಲ್ಲ.

ದುಡ್ಡು ಖರ್ಚು ಮಾಡುವ ಮೊದಲು ಬೋರ್ಡಿನ ಅಂಚಿನಲ್ಲಿ ‘ಕಾಮ್1’ (ಸೀರಿಯಲ್ ಪೋರ್ಟಿಗೆ ಪಿಸಿ ಇಡುವ ಹೆಸರು) ಎಂದು ಬರೆದ, ಐದೈದರ ಎರಡು ಸಾಲಿನಲ್ಲಿ ಒಂದು ಪಿನ್ ಇಲ್ಲದ ಒಂಬತ್ತು ಪಿನ್ನಿನ ಕಟ್ಟು ಇದೆಯೇ ಹುಡುಕಿ. ಇದ್ದರೆ ಕಾರ್ಡೇ ಬೇಡ, ತಗಡಿನ ಮೇಲೆ ಪೋರ್ಟ್ ಇರುವ ಕೇಬಲ್ ಸಾಕು. ಯುಎಸ್‌ಬಿ ಕಟ್ಟೂ ನೋಡಲು ಹೀಗೇ ಇರುತ್ತದೆ. 1ನೇ ಪಿನ್ ಇರುವ ಸಾಲಿನದೇ ತುದಿ ಖಾಲಿ ಇದ್ದರೆ ಯುಎಸ್‌ಬಿ, ಎದುರು ಸಾಲಿನ ತುದಿ ಖಾಲಿ ಇದ್ದರೆ ಕಾಮ್. ತಪ್ಪಿ ಕಾಮ್ ಕಟ್ಟಿಗೆ ಯುಎಸ್‌ಬಿ ಕೇಬಲ್ ಚುಚ್ಚಿ ಪೆನ್‌ಡ್ರೈವ್ ಹಾಕಿದರೆ ಅದು ಸುಟ್ಟುಹೋಗಬಹುದು.

ಕೇಬಲ್‌ಗಳಲ್ಲೂ ಎರಡು ಜಾತಿ. ಒಂದರಲ್ಲಿ ಕಟ್ಟಿನ 2ನೇ ಪಿನ್ ಪೋರ್ಟಿನ 2ಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ 6ಕ್ಕೆ. ಹೊರಗಿನಿಂದ ಎರಡೂ ಒಂದೇ ಥರ. ಹಾಕಿದ ಮೇಲೆ ಪೋರ್ಟಿನ 2 ಮತ್ತು 3ನ್ನು ಚಿಕ್ಕ ತಂತಿಯಿಂದ ಸೇರಿಸಿ, ಪುಟ್ಟಿ ಎಂಬ, ಪೋರ್ಟಿಗೆ ಅಕ್ಷರ ಕಳಿಸುವ ಪ್ರೋಗ್ರಾಮಿನಲ್ಲಿ ಫ್ಲೋ ಕಂಟ್ರೋಲ್ ತೆಗೆದು ಟೈಪ್ ಮಾಡಿ. ಅಕ್ಷರ ತಿರುಗಿ ಬಂದರೆ ಸರಿ, ಬರದಿದ್ದರೆ ಇನ್ನೊಂದು ಜಾತಿಯ ಕೇಬಲ್ ತನ್ನಿ. ಕಟ್ಟೇ ಇಲ್ಲದಿದ್ದರೆ ಎಕ್ಸ್1 ಸೀರಿಯಲ್ ಕಾರ್ಡ್ ತೆಗೆದುಕೊಳ್ಳಿ. ಕಾಟಾ ಸಾಫ್ಟ್‌ವೇರ್ ಕಾಮ್1 ಮಾತ್ರ ಕೇಳಿದರೆ, ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಸಂಖ್ಯೆ ಬದಲಿಸಿ.

ಪ್ರಶ್ನೆ: ಎಂ.2 ಎಸ್ಎಸ್‌ಡಿ (ಬೋರ್ಡಿನ ಮೇಲೇ ಕೂರುವ ಚಪ್ಪಟೆ ಡ್ರೈವ್) ಸ್ಲಾಟಿಗೆ ಸರಿಯಾಗಿ ಕೂತಿದೆ, ಆದರೂ ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗಿನ ಸೆಟ್ಟಿಂಗ್ ಪರದೆಯಲ್ಲಿ) ಕಾಣುವುದಿಲ್ಲ. ಡ್ರೈವ್ ಹಾಳೇ?
– ಓದುಗರು, ಪುಣೆ

ಉತ್ತರ: ಡ್ರೈವಿನ ಅಂಚು ನೋಡಿ. ಎರಡು ಕಚ್ಚು ಇದ್ದರೆ ಅದು ಬಹುಮಟ್ಟಿಗೆ ಸಾಟಾ, ಅಂದರೆ ಡ್ರೈವ್ ಜೋಡಿಸುವ ಹಳೆಯ, ನಿಧಾನದ ಬಗೆ. ಒಂದೇ ಕಚ್ಚು, ಅದರಾಚೆ ಐದು ಪಿನ್ನಿನ ಚಿಕ್ಕ ತುಂಡು ಇದ್ದರೆ ಬಹುಮಟ್ಟಿಗೆ ಎನ್‌ವಿಎಂಇ, ಅಂದರೆ ಎಕ್ಸ್‌ಪ್ರೆಸ್ ಲೇನುಗಳಲ್ಲಿ ಓಡುವ ವೇಗದ ಬಗೆ. ಎರಡು ಕಚ್ಚಿನದು ಎನ್‌ವಿಎಂಇ ಸ್ಲಾಟಿನಲ್ಲೂ ಕೂರುತ್ತದೆ, ಆದರೆ ಆ ಸ್ಲಾಟಿಗೆ ಸಾಟಾ ವೈರ್ ಎಳೆದಿರದಿದ್ದರೆ ಕಾಣುವುದಿಲ್ಲ. ಬೋರ್ಡಿನ ಪುಸ್ತಕದಲ್ಲಿ ಆ ಸ್ಲಾಟಿನ ಎದುರು ‘ಸಾಟಾ’ ಎಂದು ಬರೆದಿದೆಯೇ ನೋಡಿ, ಇಲ್ಲದಿದ್ದರೆ ನಿಮ್ಮ ಊರಿನ ತಾಪ್ಕೀರ್ ಗಲ್ಲಿಯಲ್ಲಿ ಡ್ರೈವ್ ಬದಲಿಸಿಕೊಳ್ಳಿ. ಇನ್ನೊಂದು ಎಂ.2 ಸ್ಲಾಟ್ 30 ಮಿ.ಮೀ.ಗೇ ಸ್ಕ್ರೂ ತೂತು ಇರುವ ಗಿಡ್ಡದಾದರೆ ಅದು ಬಹುಶಃ ವೈ-ಫೈ ಕಾರ್ಡಿನದು, ಅದರ ಕಚ್ಚೇ ಬೇರೆ. ಡ್ರೈವನ್ನು ಅಲ್ಲಿ ತುರುಕಬೇಡಿ.