ಬೆಳಗಿನ ಜಾವ 4 ಗಂಟೆಗೆ ರಿಪೋರ್ಟ್‌ನಲ್ಲಿ ಇನ್ನೂ ನಿನ್ನೆಯೇ ಯಾಕೆ?

ಪ್ರಶ್ನೆ: ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಮಂಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ದಿನದ ಮಾರಾಟಕ್ಕೆ ಪವರ್ ಬಿಐನಲ್ಲಿ (ಡೇಟಾದಿಂದ ರಿಪೋರ್ಟ್ ತಯಾರಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ರಿಪೋರ್ಟ್ ಮಾಡಿ, ರಿಲೇಟಿವ್ ಡೇಟ್ ಫಿಲ್ಟರ್‌ನಲ್ಲಿ ‘ಈ ದಿನ’ ಅಂತ ಇಟ್ಟಿದ್ದೇನೆ. ಬೆಳಗಿನ ಜಾವ 4 ಗಂಟೆಗೆ ಯಜಮಾನರು ತೆರೆದರೆ ನಿನ್ನೆಯ ಮಾರಾಟ ಕಾಣುತ್ತದೆ. 6 ಗಂಟೆಗೆ ನೋಡಿದರೆ ಸರಿ. ಡೇಟಾ ರಿಫ್ರೆಶ್ ಆಗಿದೆ. ತಪ್ಪು ಎಲ್ಲಿದೆ?
– ಓದುಗರು, ಚಾಮರಾಜಪೇಟೆ

ಉತ್ತರ: 4ಕ್ಕೆ ತಪ್ಪು, 6ಕ್ಕೆ ಸರಿ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಎರಡರ ನಡುವೆ 5.30 ಬರುತ್ತದೆ. ನಮ್ಮ ಗಡಿಯಾರ ಯುಟಿಸಿಗಿಂತ, ಅಂದರೆ ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕಿಂತ, ಐದೂವರೆ ಗಂಟೆ ಮುಂದೆ. ಪವರ್ ಬಿಐನ ರಿಲೇಟಿವ್ ಡೇಟ್ ಫಿಲ್ಟರ್ ಯಾವಾಗಲೂ ಯುಟಿಸಿಯನ್ನೇ ನೋಡುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ರಾತ್ರಿ 12ರಿಂದ ಬೆಳಗ್ಗೆ 5.30ರವರೆಗೆ ಅದರ ಲೆಕ್ಕದಲ್ಲಿ ಇನ್ನೂ ನಿನ್ನೆಯೇ. ನೀವೇನೂ ತಪ್ಪು ಮಾಡಿಲ್ಲ, ಯಜಮಾನರಿಗೆ ಧೈರ್ಯವಾಗಿ ಹೇಳಿ. 10 ಗಂಟೆಗೆ ಬಾಗಿಲು ತೆರೆಯುವ ಆಫೀಸಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮದು ಕತ್ತಲಲ್ಲೇ ಶುರುವಾಗುವ ವ್ಯಾಪಾರ ಅಲ್ವಾ? ‘ಈ ತಿಂಗಳು’ ಫಿಲ್ಟರ್ ಇದ್ದರೆ 1ನೇ ತಾರೀಖಿನ ಜಾವ ಹಿಂದಿನ ತಿಂಗಳನ್ನೇ ತೋರಿಸುತ್ತದೆ, ಅದನ್ನೂ ಗಮನಿಸಿ.

ಡೇಟಾವನ್ನೇ ಯುಟಿಸಿಗೆ ಬದಲಾಯಿಸಿ ಅಂತ ಕೆಲವರು ಹೇಳುತ್ತಾರೆ. ನಿಮಗೆ ಅದು ಬೇಡವೇ ಬೇಡ. ಹಾಗೆ ಮಾಡಿದರೆ 5.30ಕ್ಕೆ ಮೊದಲಿನ ಮಾರಾಟ ಹಿಂದಿನ ದಿನಕ್ಕೆ ಸೇರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಸಮಯದಲ್ಲಿ ಒಂದೇ ಜಾವದ ವ್ಯಾಪಾರ ಎರಡು ದಿನಕ್ಕೆ ಹಂಚಿಹೋದರೆ ಲೆಕ್ಕ ಯಾರಿಗೆ ತಾಳೆಯಾಗುತ್ತದೆ?

ಅದರ ಬದಲು ಒಂದು ಮೆಷರ್ (ರಿಪೋರ್ಟ್ ತೆರೆದಾಗ ಲೆಕ್ಕ ಹಾಕುವ ಸೂತ್ರ) ಬರೆಯಿರಿ. ಯುಟಿಸಿನೌ (UTCNOW) ಫಂಕ್ಷನ್ ಕೊಡುವ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಿ. ಅದರಿಂದ ತಾರೀಖನ್ನು ಮಾತ್ರ ತೆಗೆದುಕೊಳ್ಳಿ. ಕ್ಯಾಲ್ಕುಲೇಟ್ (CALCULATE) ಫಂಕ್ಷನ್ ಬಳಸಿ ಆ ತಾರೀಖಿನ ಮಾರಾಟವನ್ನು ಕೂಡಿ. ತಾರೀಖಿನ ಕಾಲಂನಲ್ಲಿ ಗಂಟೆ, ನಿಮಿಷವೂ ಸೇರಿದ್ದರೆ ಹೊಂದಿಕೆಯಾಗುವುದಿಲ್ಲ. ಬರೀ ತಾರೀಖಿರುವ ಕಾಲಂ ಬೇಕು.

ಟುಡೇ (TODAY) ಫಂಕ್ಷನ್ ಸುಲಭ ಅನ್ನಿಸಬಹುದು, ಬಳಸಬೇಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಇಲ್ಲಿನ ತಾರೀಖು ಕೊಡುತ್ತದೆ, ಆನ್‌ಲೈನ್‌ಗೆ ಪಬ್ಲಿಷ್ ಮಾಡಿದ ಮೇಲೆ ಯುಟಿಸಿಯ ತಾರೀಖು. ಈ ವ್ಯತ್ಯಾಸ ಜಾಸ್ತಿ ಜನರ ತಲೆ ಕೆಡಿಸುತ್ತದೆ. ಇದನ್ನೆಲ್ಲ ಕ್ಯಾಲ್ಕುಲೇಟೆಡ್ ಕಾಲಂ (ಸೂತ್ರದಿಂದ ಟೇಬಲ್‌ಗೆ ಸೇರಿಸುವ ಕಾಲಂ) ಆಗಿಯೂ ಬರೆಯಬೇಡಿ. ಅದು ರಿಫ್ರೆಶ್ ಆದಾಗ ಮಾತ್ರ ಲೆಕ್ಕ ಹಾಕುತ್ತದೆ. ಮೆಷರ್ ಆದರೆ ಯಜಮಾನರು ರಿಪೋರ್ಟ್ ತೆರೆದ ಹೊತ್ತಿನ ತಾರೀಖು ಹಿಡಿಯುತ್ತದೆ.

ಮೆಷರ್ ಹಾಕಿದ ಮೇಲೆ ಹಳೆಯ ‘ಈ ದಿನ’ ಫಿಲ್ಟರ್ ತೆಗೆಯಲು ಮರೆಯಬೇಡಿ. ಇಡೀ ಪೇಜಿಗೆ ಹಾಕಿದ್ದೀರಾ ಅಂತಲೂ ನೋಡಿ. ಅದು ಹಾಗೇ ಉಳಿದರೆ ಒಂದು ನಿನ್ನೆ ಅನ್ನುತ್ತದೆ, ಇನ್ನೊಂದು ಇವತ್ತು ಅನ್ನುತ್ತದೆ, ಅಂಕಿ ಜಾಗ ಖಾಲಿ ಕಾಣಬಹುದು.

ಪರೀಕ್ಷೆ ಮಾತ್ರ ಜಾವ 4 ಗಂಟೆಗೇ ಮಾಡಿ. ಹಗಲಲ್ಲಿ ಹಳೆಯದೂ ಹೊಸದೂ ಒಂದೇ ಅಂಕಿ ತೋರಿಸುತ್ತವೆ.