ಓದುಗರ ಪ್ರಶ್ನೆ: ವ್ಯಾಪಾರಕ್ಕೆ ಮುಖ ತೋರಿಸಲೇಬೇಕೇ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಇಕ್ಕಟ್ಟಿನವು. ಮಾಡುವ ಕೆಲಸ ಆನ್‌ಲೈನ್‌ನಲ್ಲಿ ನಾಲ್ಕು ಜನಕ್ಕೆ ಕಾಣಬೇಕು, ಆದರೆ ಮಾಡುವವರಿಗೆ ತಾವು ಕಾಣುವುದು ಇಷ್ಟವಿಲ್ಲ. ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿಕೊಂಡಿದ್ದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಹಳೆಯ ಮರದ ಪೀಠೋಪಕರಣಗಳ ದುರಸ್ತಿ ಮಾಡುತ್ತೇನೆ. ಇಷ್ಟು ದಿನ ಬಾಯಿಮಾತಿನಲ್ಲೇ ಕೆಲಸ ಸಿಗುತ್ತಿತ್ತು. ಈಗ ಬಂದವರೆಲ್ಲ "ಇನ್‌ಸ್ಟಾಗ್ರಾಂನಲ್ಲಿ ಇಲ್ವಾ?" ಅನ್ನುತ್ತಾರೆ. ದಿನಾ ರೀಲ್ಸ್ ಹಾಕಿ, ಕ್ಯಾಮೆರಾ ಮುಂದೆ ಮಾತಾಡಿ ಎಂಬ ಸಲಹೆ ಬೇರೆ. ನನಗೆ ಮುಖ ತೋರಿಸುವುದೇ ಆಗದು. ನಿಜಕ್ಕೂ ಎಷ್ಟು ಮಾಡಬೇಕು?

ಉತ್ತರ: ನಿಮ್ಮ ಪೇಜ್ ತೆರೆದು ನೋಡುವವರು ಹುಡುಕುವುದು ನಾಲ್ಕು ಸಂಗತಿ. ಈ ವ್ಯವಹಾರ ಇನ್ನೂ ನಡೆಯುತ್ತಿದೆಯೇ, ನನಗೆ ಬೇಕಾದ ಕೆಲಸ ಇವರು ಮಾಡುತ್ತಾರೆಯೇ, ಬೇರೆಯವರಿಗೆ ಮಾಡಿಕೊಟ್ಟಿದ್ದಾರೆಯೇ, ಇವರನ್ನು ಹಿಡಿಯುವುದು ಹೇಗೆ. ಈ ನಾಲ್ಕರಲ್ಲಿ ಯಾವುದಕ್ಕೂ ನಿಮ್ಮ ಮುಖ ಬೇಕಿಲ್ಲ. ಮುಖ ಬೇಕಾಗುವುದು ವ್ಯಕ್ತಿಯನ್ನೇ ನಂಬಿ ಬರುವ ಕೆಲಸಗಳಲ್ಲಿ: ಪಾಠ ಹೇಳುವವರು, ಆಪ್ತಸಲಹೆಗಾರರು, ಗಿರಾಕಿಯ ಮನೆಯೊಳಗೆ ಹೋಗಿ ಕೆಲಸ ಮಾಡುವವರು. ಅಲ್ಲಿಯೂ ಒಂದು ಒಳ್ಳೆಯ ಫೋಟೊ ಸಾಕು, ದಿನಾ ಭಾಷಣ ಬೇಡ.

ಮೊದಲು ಗೂಗಲ್ ಬ್ಯುಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ. ಅದು ಉಚಿತ. ಹೆಸರು, ಕೆಲಸದ ಬಗೆ, ವೇಳೆ, ಫೋನ್, ಹತ್ತು ಫೋಟೊ ಹಾಕಿದರೆ ಮುಗಿಯಿತು. "ಕುರ್ಚಿ ರಿಪೇರಿ" ಎಂದು ಆ ಗಳಿಗೆಯಲ್ಲೇ ಹುಡುಕುತ್ತಿರುವವರಿಗೆ ಅದು ಕಾಣುತ್ತದೆ. ಸಾಮಾಜಿಕ ಜಾಲತಾಣ ತೋರಿಸುವುದು ಬಹುಮಟ್ಟಿಗೆ ಹುಡುಕದೇ ಇರುವವರಿಗೆ. ಕೈಕೆಲಸದವರು ಈ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಮೊದಲನೆಯದನ್ನೇ ಆರಿಸಲಿ ಎನ್ನುತ್ತೇವೆ.

ಆಮೇಲೆ ಜಾಲತಾಣ, ಅದೂ ಒಂದೇ ಒಂದು. ಕಳೆದ ಹತ್ತು ಗಿರಾಕಿಗಳನ್ನು ನೀವು ಏನು ನೋಡುತ್ತೀರಿ ಎಂದು ಕೇಳಿ, ಹೆಚ್ಚು ಜನ ಹೇಳಿದ್ದನ್ನು ಹಿಡಿಯಿರಿ. ಇನ್‌ಸ್ಟಾಗ್ರಾಂ ಆದರೆ ಬಯೋದ (ಹೆಸರಿನ ಕೆಳಗಿನ ಕಿರು ಪರಿಚಯ) ಮೊದಲ ಸಾಲಿನಲ್ಲಿ ಏನು ಮಾಡುತ್ತೀರಿ, ಎರಡನೆಯದರಲ್ಲಿ ಎಲ್ಲಿಯವರೆಗೆ ಬರುತ್ತೀರಿ, ಮೂರನೆಯದರಲ್ಲಿ ಹೇಗೆ ಸಂಪರ್ಕಿಸಬೇಕು ಮತ್ತು ಯಾವಾಗ ಉತ್ತರಿಸುತ್ತೀರಿ ಎಂದಿರಲಿ. ಮೇಲ್ಗಡೆ ಮೂರು ಪೋಸ್ಟ್ ಪಿನ್ ಮಾಡಬಹುದು. ಒಂದರಲ್ಲಿ ದುರಸ್ತಿಗೆ ಮುಂಚಿನ ಮತ್ತು ನಂತರದ ಚಿತ್ರ ಇರಲಿ. ಇನ್ನೊಂದರಲ್ಲಿ ಅಂದಾಜು ಹೇಳಲು ಯಾವ ಯಾವ ಫೋಟೊ ಮತ್ತು ಅಳತೆ ಕಳಿಸಬೇಕು ಎಂದು ಬರೆಯಿರಿ. ಮೂರನೆಯದರಲ್ಲಿ ಯಾವ ಕೆಲಸ ಒಪ್ಪಿಕೊಳ್ಳುವುದಿಲ್ಲ ಎಂಬುದು. ಈ ಮೂರನೆಯದನ್ನು ಯಾರೂ ಹಾಕುವುದಿಲ್ಲ, ಆದರೆ ವ್ಯರ್ಥ ಕರೆಗಳನ್ನು ತಪ್ಪಿಸುವುದು ಅದೇ.

ಚಿತ್ರ ತೆಗೆಯುವಾಗ ಆಗುವ ದೊಡ್ಡ ತಪ್ಪು ಬೆಳಕಿನದು. ಮೊದಲ ಫೋಟೊ ಕತ್ತಲ ಮೂಲೆಯಲ್ಲಿ, ಕೊನೆಯದು ಬಿಸಿಲಿನಲ್ಲಿ ತೆಗೆದರೆ, ಹೊಳಪು ನಿಮ್ಮ ಕೈಚಳಕದ್ದೋ ಬಿಸಿಲಿನದ್ದೋ ಎಂದು ನೋಡುವವರಿಗೆ ಅನುಮಾನ. ನೆಲದ ಮೇಲೆ ಒಂದು ಟೇಪ್ ಅಂಟಿಸಿ, ಎರಡೂ ಸಲ ವಸ್ತುವನ್ನು ಅಲ್ಲೇ ಇಟ್ಟು, ಅದೇ ಹೊತ್ತಿನಲ್ಲಿ, ಅದೇ ದೂರದಿಂದ ತೆಗೆಯಿರಿ. ವಿಡಿಯೊ ಬೇಕೆನಿಸಿದರೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮೇಲಿನಿಂದ ಮೇಜಿನತ್ತ ತಿರುಗಿಸಿ. ಕೈ ಮತ್ತು ಉಪಕರಣ ಮಾತ್ರ ಬರುತ್ತವೆ. ದನಿ ತೆಗೆದು ಮೇಲೆ ಎರಡು ಸಾಲು ಬರೆದರೆ ಮಾತಾಡುವ ಕಷ್ಟವೂ ಇಲ್ಲ. ಒಂದು ಎಚ್ಚರಿಕೆ: ಪಾಲಿಶ್ ಮಾಡಿದ ಮರ, ಗಾಜು, ಕನ್ನಡಿ ಇವು ನಿಮ್ಮ ಮುಖವನ್ನೂ ಹಿಂದಿನ ಕೋಣೆಯನ್ನೂ ತೋರಿಸಿಬಿಡುತ್ತವೆ. ಹಾಕುವ ಮೊದಲು ಚಿತ್ರವನ್ನು ಹಿಗ್ಗಿಸಿ ನೋಡಿ.

ಪ್ರತಿ ಕೆಲಸಕ್ಕೆ ನಾಲ್ಕು ಫೋಟೊ ಸಾಕು: ಬಂದಾಗಿನದು, ಹಾಳಾದ ಜಾಗದ ಹತ್ತಿರದ್ದು, ನಡುಹಂತದ್ದು, ಮುಗಿದದ್ದು. ಮೂರು ಕೆಲಸಕ್ಕೆ ಹನ್ನೆರಡು ಆಯಿತು. ವಾರಕ್ಕೆರಡರಂತೆ ಆರು ವಾರಕ್ಕೆ ಸರಿಹೋಯಿತು. ಇನ್‌ಸ್ಟಾಗ್ರಾಂನ ಪ್ರೊಫೆಷನಲ್ ಖಾತೆಯಲ್ಲಿ (ಬ್ಯುಸಿನೆಸ್ ಖಾತೆ ಇದರಲ್ಲೊಂದು ಬಗೆ) 75 ದಿನ ಮುಂಚಿತವಾಗಿ ಪೋಸ್ಟ್‌ಗಳಿಗೆ ದಿನ ನಿಗದಿ ಮಾಡಿಡಬಹುದು, ಆದ್ದರಿಂದ ಒಂದು ಮಧ್ಯಾಹ್ನ ಕೂತರೆ ಎಲ್ಲ ಮುಗಿಯುತ್ತದೆ. ದಿನಾ ಹಾಕಿ ಎಂಬುದು ನೋಡುಗರಿಂದಲೇ ಹೊಟ್ಟೆ ಹೊರೆಯುವವರಿಗೆ ಹೇಳಿದ ಮಾತು. ನಿಮ್ಮದು ದುರಸ್ತಿಯಿಂದ. ನಿಮಗೆ ಅತಿ ಹೆಚ್ಚು ಕೆಲಸವಿರುವ ತಿಂಗಳಲ್ಲೂ ಎಷ್ಟು ಸಾಧ್ಯವೋ ಅದೇ ನಿಮ್ಮ ವೇಗ. ಉತ್ಸಾಹದಲ್ಲಿ ದಿನಕ್ಕೊಂದು ಹಾಕಿ ಮೂರನೇ ವಾರಕ್ಕೆ ನಿಲ್ಲಿಸಿದರೆ, ವರ್ಷದ ನಂತರ ಬಂದವರು ಕೊನೆಯ ತಾರೀಖು ನೋಡಿ ಅಂಗಡಿ ಮುಚ್ಚಿದೆ ಎಂದುಕೊಳ್ಳುತ್ತಾರೆ. ಹಾಗೆ ಪಾಳುಬಿದ್ದ ಪೇಜ್‌ಗಿಂತ ಪೇಜ್ ಇಲ್ಲದಿರುವುದೇ ಮೇಲು. ನಿಲ್ಲಿಸಲೇಬೇಕಾದರೆ "ಕೆಲಸ ನಡೆಯುತ್ತಿದೆ, ಹೊಸ ಚಿತ್ರ ಅಪರೂಪ, ಕರೆ ಮಾಡಿ" ಎಂದೊಂದು ಪೋಸ್ಟ್ ಪಿನ್ ಮಾಡಿ.

ಪ್ರಶ್ನೆ: ಮನೆಯಿಂದಲೇ ಹೊಲಿಗೆ ಕೆಲಸ ಮಾಡುವ ಒಂಟಿ ಮಹಿಳೆ ನಾನು. ಪೇಜ್ ಮಾಡಿದರೆ ಮನೆ ವಿಳಾಸ, ನಂಬರ್ ಎಲ್ಲರಿಗೂ ಸಿಗುತ್ತದಲ್ಲ ಎಂಬ ಭಯ.

ಉತ್ತರ: ಸೋರುವ ತೂತುಗಳು ಐದಾರಿವೆ. ಒಂದೊಂದಾಗಿ ಮುಚ್ಚೋಣ.

ಗೂಗಲ್ ಪ್ರೊಫೈಲ್‌ನಲ್ಲಿ ಗಿರಾಕಿಗಳು ನಿಮ್ಮಲ್ಲಿಗೆ ಬರುವುದಿಲ್ಲ ಎಂದಾದರೆ ವಿಳಾಸ ಮರೆಮಾಡಿ, ಸೇವೆ ಕೊಡುವ ಪ್ರದೇಶ ಮಾತ್ರ ತೋರಿಸಿ. ಇಂಥ 20 ಪ್ರದೇಶಗಳವರೆಗೆ ಸೇರಿಸಬಹುದು. ಪರಿಶೀಲನೆಗೆ ಗೂಗಲ್ ವಿಡಿಯೊವನ್ನೋ ವಿಳಾಸವನ್ನೋ ಕೇಳಬಹುದು. ಅದು ಅವರಿಗೆ ಕೊಡುವುದು, ಸಾರ್ವಜನಿಕರಿಗೆ ಅಲ್ಲ. ಹಾಗೆಂದು ಸುಮ್ಮನಿರಬೇಡಿ: ಬೇರೊಬ್ಬರ ಫೋನಿನಿಂದ ನಿಮ್ಮ ಪ್ರೊಫೈಲ್ ಹುಡುಕಿ, ಏನು ಕಾಣುತ್ತದೆ ಎಂದು ಖುದ್ದು ನೋಡಿ.

ಎರಡನೆಯದು ನಂಬರ್. ಸ್ವಂತ ನಂಬರ್ ಕೊಡಲೇಬೇಡಿ. ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸ್ಆ್ಯಪ್ ಬ್ಯುಸಿನೆಸ್ ತೆರೆಯಿರಿ. ಮಾಮೂಲಿ ವಾಟ್ಸ್ಆ್ಯಪ್ ಮತ್ತು ಇದು ಒಂದೇ ಫೋನಿನಲ್ಲಿ ಇರಬಲ್ಲವು, ನಂಬರ್ ಮಾತ್ರ ಬೇರೆ ಬೇರೆ ಇರಬೇಕು. ಲ್ಯಾಂಡ್‌ಲೈನ್ ನಂಬರನ್ನೂ ಕರೆಯ ಮೂಲಕ ದೃಢಪಡಿಸಿ ಬಳಸಬಹುದು. ಪ್ರೊಫೈಲ್ ಚಿತ್ರಕ್ಕೆ ಲೋಗೊ ಅಥವಾ ನೀವು ಹೊಲಿದ ಬಟ್ಟೆ. ನಿಮ್ಮ ಖಾಸಗಿ ಖಾತೆಯಲ್ಲಿರುವ ಫೋಟೊವನ್ನೇ ಇಲ್ಲಿಯೂ ಇಟ್ಟರೆ, ಚಿತ್ರ ಹಾಕಿ ಹುಡುಕುವ ಸೌಲಭ್ಯದಿಂದ ಎರಡೂ ಖಾತೆಗಳನ್ನು ಗಂಟುಹಾಕುವುದು ಯಾರಿಗೂ ಸುಲಭ.

ಮೂರನೆಯದು ಫೋಟೊದೊಳಗೆ ಅಡಗಿದ ಸ್ಥಳ. ಫೋನ್ ಕ್ಯಾಮೆರಾ ತೆಗೆದ ಜಾಗದ ಅಕ್ಷಾಂಶ ರೇಖಾಂಶವನ್ನು ಚಿತ್ರದ ಫೈಲಿನಲ್ಲೇ ಬರೆದಿಟ್ಟಿರುತ್ತದೆ. ದೊಡ್ಡ ಜಾಲತಾಣಗಳು ಬೇರೆಯವರಿಗೆ ತೋರಿಸುವ ಪ್ರತಿಯಿಂದ ಅದನ್ನು ಅಳಿಸುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೂ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಥವಾ ಇಮೇಲ್‌ನಲ್ಲಿ ಮೂಲ ಫೈಲನ್ನೇ ಸೇರಿಸಿದರೆ ಉಳಿಯುತ್ತದೆ. ಯಾವುದು ಎಲ್ಲಿ ಎಂದು ನೆನಪಿಟ್ಟುಕೊಳ್ಳುವುದಕ್ಕಿಂತ ಕ್ಯಾಮೆರಾಕ್ಕೆ ಕೊಟ್ಟ ಲೊಕೇಶನ್ ಅನುಮತಿಯನ್ನೇ ತೆಗೆದುಬಿಡಿ.

ಯಂತ್ರ ಅಳಿಸಲಾಗದ್ದನ್ನು ನೀವೇ ನೋಡಬೇಕು: ಕಿಟಕಿಯಾಚೆ ಕಾಣುವ ಕಟ್ಟಡ, ಬಾಗಿಲ ನಂಬರ್, ಮೇಜಿನ ಮೇಲಿನ ಕೊರಿಯರ್ ಲೇಬಲ್, ವಾಹನದ ಫಲಕ. ಒಂದು ಗೋಡೆಗೆ ಸಾದಾ ಬಟ್ಟೆ ಇಳಿಬಿಟ್ಟು, ಯಾವಾಗಲೂ ಅದರ ಮುಂದೆಯೇ ತೆಗೆದರೆ ಈ ತಲೆನೋವೇ ಇಲ್ಲ. ಎಲ್ಲಿದ್ದೀರಿ ಎಂದು ತೋರಿಸುವ ಪೋಸ್ಟ್‌ಗಳನ್ನು, ಉದಾಹರಣೆಗೆ ಮೇಳದಲ್ಲಿ ಮಳಿಗೆ ಹಾಕಿದಾಗಿನದನ್ನು, ಮನೆಗೆ ಮರಳಿದ ಮೇಲೆ ಹಾಕಿ.

ಸ್ವಂತ ವೆಬ್‌ಸೈಟ್ ಇದ್ದರೆ ಡೊಮೈನ್ (ವೆಬ್‌ಸೈಟಿನ ಹೆಸರು) ನೋಂದಣಿಯಲ್ಲಿ, ನಿಮ್ಮ ವಿವರ ಮರೆಮಾಡುವ ಪ್ರೈವಸಿ ಸೇವೆ ಆನ್ ಆಗಿದೆಯೇ ನೋಡಿ. 2018ರ ಮೇ ತಿಂಗಳಿಂದೀಚೆಗೆ ನೋಂದಣಿದಾರರ ವಿವರಗಳನ್ನು ಬಹುಪಾಲು ಮರೆಮಾಡುತ್ತಾರೆ, ಆದರೆ ಎಲ್ಲ ಬಗೆಯ ಡೊಮೈನ್‌ಗಳಿಗೂ ಅದೇ ನಿಯಮವಿಲ್ಲ.

ಪ್ರಶ್ನೆ: ನನ್ನ ಖಾಸಗಿ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಆಗಲೇ ಎಂಟುನೂರು ಜನ ಇದ್ದಾರೆ. ಅದನ್ನೇ ಬ್ಯುಸಿನೆಸ್ ಖಾತೆ ಮಾಡಿಕೊಳ್ಳಲೇ?

ಉತ್ತರ: ಬೇಡ. ಪ್ರೊಫೆಷನಲ್ ಖಾತೆ ಪ್ರೈವೇಟ್ ಆಗಿರಲು ಸಾಧ್ಯವಿಲ್ಲ. ಬದಲಾಯಿಸಿದ ಕ್ಷಣವೇ ನಿಮ್ಮ ಹಳೆಯ ಪೋಸ್ಟ್‌ಗಳೆಲ್ಲ ಬಯಲಾಗುತ್ತವೆ. ಆ ಎಂಟುನೂರು ಜನ ನಿಮ್ಮ ನೆಂಟರು, ಸಹಪಾಠಿಗಳು. ಮೂರು ಲೈಕ್ ಕೊಡುತ್ತಾರೆ, ಸಾಮಾನು ಕೊಳ್ಳುವುದಿಲ್ಲ.

ಬೇರೆ ಇಮೇಲ್, ಬೇರೆ ನಂಬರ್‌ನಿಂದ ಹೊಸ ಖಾತೆ ತೆರೆಯಿರಿ. ಸಂಪರ್ಕ ಪಟ್ಟಿ ಅಪ್‌ಲೋಡ್ ಮಾಡಲು ಕೇಳಿದಾಗ ಬೇಡ ಎನ್ನಿ. ಗಿರಾಕಿಗೆ ನಿಮ್ಮ ಖಾಸಗಿ ಖಾತೆಯೂ, ಸೋದರತ್ತೆಗೆ ನಿಮ್ಮ ವ್ಯಾಪಾರದ ಖಾತೆಯೂ "ನಿಮಗೆ ಗೊತ್ತಿರಬಹುದಾದವರು" ಎಂದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ದಾರಿಯಿಂದ. ಒಂದೇ ಆ್ಯಪ್‌ನಲ್ಲಿ ಎರಡೂ ಖಾತೆ ಇಟ್ಟುಕೊಂಡರೆ ತಪ್ಪು ಖಾತೆಯಿಂದ ಪೋಸ್ಟ್ ಆಗುವ ಅಪಾಯವಿದೆ. ಎರಡಕ್ಕೂ ತೀರಾ ಬೇರೆ ಬಣ್ಣದ ಪ್ರೊಫೈಲ್ ಚಿತ್ರವಿರಲಿ.

ಫೇಸ್‌ಬುಕ್‌ನದು ಬೇರೆ ಕತೆ. ಅಲ್ಲಿ ಪೇಜ್ ನಡೆಸಲು ವೈಯಕ್ತಿಕ ಪ್ರೊಫೈಲ್ ಇರಲೇಬೇಕು. ಆದರೆ ಪೇಜ್‌ಗೆ ಬಂದವರಿಗೆ ಅಡ್ಮಿನ್ ಹೆಸರು ತಾನಾಗಿ ಕಾಣುವುದಿಲ್ಲ. ನಿರ್ವಾಹಕರು ಯಾವ ದೇಶದಲ್ಲಿದ್ದಾರೆ ಎಂಬುದಷ್ಟೇ ಪೇಜ್‌ನ ಪಾರದರ್ಶಕತೆ ವಿಭಾಗದಲ್ಲಿ ಕಾಣಬಹುದು. ಗುಟ್ಟು ರಟ್ಟಾಗುವುದು ಅವಸರದಲ್ಲಿ ಸ್ವಂತ ಹೆಸರಿನಿಂದ ಕಮೆಂಟ್ ಮಾಡಿದಾಗ. ಬರೆಯುವ ಮೊದಲು ಕಮೆಂಟ್ ಪೆಟ್ಟಿಗೆಯ ಪಕ್ಕದ ಪುಟ್ಟ ಚಿತ್ರ ಯಾರದ್ದೆಂದು ನೋಡಿ. ಹಾಂ, ಅಡ್ಮಿನ್ ಇಬ್ಬರಿರಲಿ. ಒಬ್ಬರೇ ಇದ್ದು ಅವರ ಖಾತೆ ಕಳ್ಳರ ಪಾಲಾದರೆ ಇಡೀ ಪೇಜ್ ಹೋಗುತ್ತದೆ.

ಪ್ರಶ್ನೆ: ಕಂಪನಿಯ ಪೋಸ್ಟ್‌ಗಳನ್ನು ನಮ್ಮ ಸ್ವಂತ ಖಾತೆಯಲ್ಲಿ ಶೇರ್ ಮಾಡಿ, ವಿಡಿಯೊದಲ್ಲಿ ಕುಣಿಯಿರಿ ಎಂದು ಮ್ಯಾನೇಜರ್ ಒತ್ತಾಯಿಸುತ್ತಾರೆ. ಹೇಗೆ ತಪ್ಪಿಸಿಕೊಳ್ಳಲಿ?

ಉತ್ತರ: ಇದರಲ್ಲಿ ಮೂರು ಬೇರೆ ಬೇರೆ ಬೇಡಿಕೆಗಳು ಸೇರಿಕೊಂಡಿವೆ: ನಿಮ್ಮ ಖಾತೆ, ನಿಮ್ಮ ಮುಖ, ನಿಮ್ಮ ಸಮಯ. ಮೂರಕ್ಕೂ ಒಟ್ಟಿಗೆ "ಆಗಲ್ಲ" ಎಂದರೆ ಸಹಕರಿಸದವರು ಎಂಬ ಹಣೆಪಟ್ಟಿ. ಖಾತೆ ಮತ್ತು ಮುಖಕ್ಕೆ ಬೇಡ ಎಂದು, ಕೆಲಸದ ವೇಳೆಯೊಳಗಿನ ಸಮಯವನ್ನು ಕೊಡಿ. ಹೀಗೆ ಬರೆಯಬಹುದು: "ಸರ್, ನನ್ನ ಸ್ವಂತ ಖಾತೆಯನ್ನು ಮನೆಯವರಿಗಷ್ಟೇ ಇಟ್ಟುಕೊಂಡಿದ್ದೇನೆ, ಅಲ್ಲಿ ಕಂಪನಿಯ ವಿಷಯ ಹಾಕುವುದಿಲ್ಲ. ವಿಡಿಯೊದಲ್ಲಿ ಕಾಣಿಸಿಕೊಳ್ಳುವುದೂ ನನಗೆ ಒಗ್ಗದು. ಬರಹ, ಶೂಟಿಂಗ್, ಕಮೆಂಟ್‌ಗಳಿಗೆ ಉತ್ತರ, ಇವುಗಳಲ್ಲಿ ಯಾವುದನ್ನು ಹೇಳಿದರೂ ಮಾಡಿಕೊಡುತ್ತೇನೆ." ಎದುರಿಗೆ ಹೇಳಿದ ಮೇಲೆ ಇದನ್ನೇ ಇಮೇಲ್ ಮಾಡಿಡಿ.

ವಿಡಿಯೊಗೆ ಒಪ್ಪುವ ಸಹೋದ್ಯೋಗಿಗಳೂ ಮೊದಲೇ ಕೇಳಬೇಕಾದದ್ದು: ಎಲ್ಲೆಲ್ಲಿ ಹಾಕುತ್ತೀರಿ, ಹಣ ಕೊಟ್ಟ ಜಾಹೀರಾತಿಗೂ ಬಳಸುತ್ತೀರಾ, ನಾನು ಕೆಲಸ ಬಿಟ್ಟ ಮೇಲೆ ತೆಗೆಯುತ್ತೀರಾ. ಕೊನೆಯದಕ್ಕೆ ಉತ್ತರ ಬರಹದಲ್ಲಿರಲಿ. ಪಾಸ್‌ವರ್ಡ್ ಕೇಳಿದರಂತೂ ಚರ್ಚೆಯೇ ಬೇಡ. ನೌಕರರ ಖಾಸಗಿ ಖಾತೆಯ ಪಾಸ್‌ವರ್ಡ್ ಕೇಳಕೂಡದೆಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2012ರಲ್ಲೇ ಕಾನೂನು ಮಾಡಿತು, ಆಮೇಲೆ ಬೇರೆ ಹಲವು ರಾಜ್ಯಗಳೂ ಮಾಡಿದವು.

ಪ್ರಶ್ನೆ: ಇಬ್ಬರೂ ಸೇರಿ ಆಟಿಕೆ ಮಾಡಿ ಮಾರುತ್ತೇವೆ. ನಮ್ಮ ಐದು ವರ್ಷದ ಮಗಳು ಆಡುವ ರೀಲ್ಸ್ ಹಾಕಿದರೆ ಮಾರಾಟ ಜೋರಾಗುತ್ತದೆ ಎನ್ನುತ್ತಾರೆ ನನ್ನ ಯಜಮಾನರು. ನನಗೆ ಮನಸ್ಸಿಲ್ಲ.

ಉತ್ತರ: ಇಬ್ಬರ ಅಭಿಪ್ರಾಯ ಬೇರೆಯಾದಾಗ ಬೇಡ ಎನ್ನುವವರ ಮಾತೇ ನಡೆಯಬೇಕು. ಇಂದು ಹಾಕದಿದ್ದರೆ ನಾಳೆ ಹಾಕಬಹುದು, ಹಾಕಿದ್ದನ್ನು ಬೇರೆಯವರ ಫೋನಿನಿಂದ ಅಳಿಸಲಾಗದು. ಮಗುವಿನ ಕೈ, ಬೆನ್ನು, ಆಟಿಕೆಯ ಮೇಲೆ ಬೀಳುವ ನೆರಳು, ಇಷ್ಟರಲ್ಲೇ ಆಟಿಕೆಯ ಗಾತ್ರವೂ ಬಳಕೆಯೂ ತಿಳಿಯುತ್ತವೆ. ಹೆಸರು, ಶಾಲೆಯ ಸಮವಸ್ತ್ರ, ಹುಟ್ಟುಹಬ್ಬದ ದಿನ ಬೇಡ. ಮುಖದ ಮೇಲೆ ಎಮೋಜಿ ಅಂಟಿಸುವುದನ್ನು ನಾವು ಮೆಚ್ಚುವುದಿಲ್ಲ. ನೂರು ಚಿತ್ರದಲ್ಲಿ ಒಂದರಲ್ಲಿ ಮರೆತೇ ಮರೆಯುತ್ತೀರಿ.

ಗಿರಾಕಿಗಳ ಮಕ್ಕಳ ಫೋಟೊಗೂ ಇದೇ ಮಾತು. "ಚೆನ್ನಾಗಿದೆ" ಎಂದು ಅವರು ಕಳಿಸಿದ ಚಿತ್ರ ನಿಮಗೆ ಕಳಿಸಿದ್ದು, ಊರಿಗೆಲ್ಲ ತೋರಿಸಲು ಅಲ್ಲ. "ಈ ಚಿತ್ರವನ್ನು ನಮ್ಮ ಇನ್‌ಸ್ಟಾಗ್ರಾಂನಲ್ಲಿ, ಹೆಸರಿಲ್ಲದೆ ಹಾಕಬಹುದೇ? ಬೇಡವೆನಿಸಿದ ದಿನ ಹೇಳಿದರೆ ತೆಗೆಯುತ್ತೇವೆ" ಎಂದು ಕೇಳಿ, ಒಪ್ಪಿಗೆ ಸಿಕ್ಕ ಮೇಲಷ್ಟೇ ಹಾಕಿ. ಮೆಚ್ಚುಗೆಯ ಸ್ಕ್ರೀನ್‌ಶಾಟ್ ಹಾಕುವಾಗ ಹೆಸರನ್ನು ಪೆನ್ ಬ್ರಷ್‌ನಿಂದ ತೆಳ್ಳಗೆ ಗೀಚಿದರೆ ಸಾಲದು, ಬೆಳಕು ಹೆಚ್ಚಿಸಿ ಓದಿಬಿಡುತ್ತಾರೆ. ಆ ಭಾಗವನ್ನೇ ಕತ್ತರಿಸಿ.

ಪ್ರಶ್ನೆ: ಫಾಲೋವರ್ಸ್ ದುಡ್ಡಿಗೆ ಸಿಗುತ್ತಾರಂತೆ. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ಅವರು ಏನನ್ನೂ ಕೊಳ್ಳುವುದಿಲ್ಲ.

ಪ್ರಶ್ನೆ: ರಾತ್ರಿ ಹನ್ನೊಂದಕ್ಕೂ ಮೆಸೇಜ್ ಬರುತ್ತದೆ. ಉತ್ತರ ಕೊಡದಿದ್ದರೆ "ಯಾಕೆ, ಬೇಡ್ವಾ ವ್ಯಾಪಾರ?" ಎಂದು ಮತ್ತೊಂದು.

ಉತ್ತರ: ವಾಟ್ಸ್ಆ್ಯಪ್ ಬ್ಯುಸಿನೆಸ್‌ನಲ್ಲಿ ಮೊದಲು ಕೆಲಸದ ವೇಳೆ ತುಂಬಿಸಿ, ಆಮೇಲೆ "ಅವೇ ಮೆಸೇಜ್" (away message, ನೀವಿಲ್ಲದಾಗ ತಾನಾಗಿ ಹೋಗುವ ಉತ್ತರ) ಆನ್ ಮಾಡಿ ಅದು ಕೆಲಸದ ವೇಳೆಯ ಹೊರಗೆ ಮಾತ್ರ ಹೋಗುವಂತೆ ಆರಿಸಿ. ಬರಿ "ಧನ್ಯವಾದ, ಸಂಪರ್ಕಿಸುತ್ತೇವೆ" ಎಂದು ಬರೆದರೆ ಅವರು ಕಾಯುತ್ತಾ ಕೂರುತ್ತಾರೆ. "ನಾಳೆ ಬೆಳಿಗ್ಗೆ 10ರಿಂದ 11ರೊಳಗೆ ಉತ್ತರಿಸುತ್ತೇವೆ. ಅಷ್ಟರಲ್ಲಿ ಅಳತೆ, ಬಣ್ಣ, ಬೇಕಾದ ದಿನ ಕಳಿಸಿಡಿ" ಎಂದರೆ ಅವರಿಗೂ ಕೆಲಸ ಸಿಗುತ್ತದೆ. ಆ ಫೋನಿಗೆ ಇಂಟರ್ನೆಟ್ ಇಲ್ಲದಿದ್ದರೆ ಈ ಸಂದೇಶ ಹೋಗುವುದಿಲ್ಲ, ಹಾಗಾಗಿ ಡೇಟಾ ಆಫ್ ಮಾಡಬೇಡಿ, ಸದ್ದು ಮಾತ್ರ ನಿಲ್ಲಿಸಿ. ಪದೇಪದೇ ಬರೆಯುವ ಉತ್ತರಗಳನ್ನು ಕ್ವಿಕ್ ರಿಪ್ಲೈ ಆಗಿ ಉಳಿಸಿಕೊಳ್ಳಿ, 50 ಇಡಬಹುದು; ಮೆಸೇಜ್ ಬರೆಯುವಲ್ಲಿ ಓರೆಗೆರೆ (/) ಒತ್ತಿದರೆ ಪಟ್ಟಿ ಬರುತ್ತದೆ.

ಒಂದು ದಿನ ಹನ್ನೊಂದಕ್ಕೆ ಉತ್ತರಿಸಿ, ಮರುದಿನ ಸುಮ್ಮನಿದ್ದರೆ ಮಾತ್ರ ಈ ವ್ಯವಸ್ಥೆ ಕುಸಿಯುತ್ತದೆ. ಎಚ್ಚರವಿದ್ದು ಉತ್ತರ ಬರೆಯುವ ಮನಸ್ಸಾದರೆ ಬೇರೆ ಆ್ಯಪ್‌ನಲ್ಲಿ ಬರೆದಿಟ್ಟುಕೊಂಡು ಬೆಳಿಗ್ಗೆ ಹತ್ತಕ್ಕೆ ಅಂಟಿಸಿ ಕಳಿಸಿ. ಇನ್‌ಸ್ಟಾಗ್ರಾಂನಲ್ಲಿ ಬರುವ ಕೆಟ್ಟ ಮಾತುಗಳನ್ನು ಮರೆಮಾಡಲು ಹಿಡನ್ ವರ್ಡ್ಸ್ ಎಂಬ ಸೆಟ್ಟಿಂಗ್ ಇದೆ. ಅದರಲ್ಲಿ ಕನ್ನಡದ ಬೈಗುಳಗಳನ್ನು ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಎರಡು ಮೂರು ಬಗೆಯಲ್ಲೊಮ್ಮೆ ನೀವೇ ಸೇರಿಸಿ.