ಓಥೋ ಚಕ್ರವರ್ತಿಯ ದೊಡ್ಡ ಕಂಚಿನ ನಾಣ್ಯ: ಕೊಳ್ಳಬಹುದೇ?

ಪ್ರಶ್ನೆ: ರೋಮಿನ ಮೊದಲ ಹನ್ನೆರಡು ಸೀಸರ್‌ಗಳ ನಾಣ್ಯಗಳನ್ನು ಕೂಡಿಸುತ್ತಿದ್ದೇನೆ. ಓಥೋ ಒಬ್ಬನದು ಬಾಕಿ. ಆನ್‌ಲೈನ್ ಹರಾಜಿನಲ್ಲಿ ಅವನ ಸೆಸ್ಟರ್ಷಿಯಸ್, ಅಂದರೆ ದೊಡ್ಡ ಕಂಚಿನ ನಾಣ್ಯ, ಕಂಡಿದೆ. ರೋಮಿನಲ್ಲೇ ಟಂಕಿಸಿದ್ದು ಎನ್ನುತ್ತಾರೆ. ಮುಖ, ಅಕ್ಷರ ಎಲ್ಲ ಸ್ಪಷ್ಟವಾಗಿವೆ. ಕೊಳ್ಳಲೇ?

ಉತ್ತರ: ದಯವಿಟ್ಟು ಬೇಡ. ರೋಮಿನ ಟಂಕಸಾಲೆ ಓಥೋ ಹೆಸರಿನಲ್ಲಿ ಸೆಸ್ಟರ್ಷಿಯಸ್ ಹೊರಡಿಸಲೇ ಇಲ್ಲ.

ಕ್ರಿ.ಶ. 69ರ ಜನವರಿ 15ರಂದು ಹಿಂದಿನ ಚಕ್ರವರ್ತಿ ಗಾಲ್ಬಾನನ್ನು ಕೊಲ್ಲಿಸಿ ಪಟ್ಟಕ್ಕೆ ಬಂದವನು ಓಥೋ. ಬೆಡ್ರಿಯಾಕಂ ಕದನದಲ್ಲಿ ಅವನ ಸೈನ್ಯ ಸೋತಿತು; ಏಪ್ರಿಲ್ 16ರಂದು ತಾನೇ ಇರಿದುಕೊಂಡು ಸತ್ತ. ಆ ಮೂರು ತಿಂಗಳಲ್ಲಿ ರೋಮಿನಲ್ಲಿ ಚಿನ್ನ, ಬೆಳ್ಳಿ ನಾಣ್ಯಗಳು ಹೊರಬಂದವು, ಕಂಚಿನ ಚಿಲ್ಲರೆ ಮಾತ್ರ ಇಲ್ಲ. ಕಂಚಿಗೆ ಬೇಕಿದ್ದ ಸೆನೆಟ್ ಒಪ್ಪಿಗೆ ತಡವಾಯಿತು ಎಂಬ ಹಳೆಯ ವಾದವೊಂದಿದೆ. ನನಗದು ಒಪ್ಪಿಗೆಯಾಗುವುದಿಲ್ಲ. ಗಾಲ್ಬಾ ಸತ್ತ ದಿನವೇ ಸೆನೆಟ್ ಓಥೋಗೆ ಎಲ್ಲ ಪದವಿಗಳನ್ನೂ ಕೊಟ್ಟಿತ್ತು. ಗಾಲ್ಬಾನ ಕಾಲದ ಚಿಲ್ಲರೆಯೇ ಧಾರಾಳವಾಗಿತ್ತು ಎನ್ನುವುದು ಹೆಚ್ಚು ಸರಿ. ಏಳು ತಿಂಗಳಷ್ಟೇ ಆಳಿದವನ ಸೆಸ್ಟರ್ಷಿಯಸ್‌ಗಳು ಇಂದಿಗೂ ಎಷ್ಟೊಂದು ಸಿಗುತ್ತವೆ ನೋಡಿ!

ಹಾಗಾದರೆ ನೀವು ಕಂಡದ್ದು ಏನು? ಹನ್ನೆರಡರ ಸಾಲು ತುಂಬಿಸುವ ನಿಮ್ಮ ಆಸೆ ಯುರೋಪಿನ ಶ್ರೀಮಂತರಿಗೂ ಇತ್ತು. 16ನೇ ಶತಮಾನದಲ್ಲಿ ಪಡುವಾ ನಗರದ ಜೊವಾನಿ ಕವಿನೊ ರೋಮನ್ ನಾಣ್ಯಗಳ ಮಾದರಿಯಲ್ಲಿ ತಾನೇ ಅಚ್ಚು ಕೆತ್ತಿ ಹೊಡೆದ. ಅವನ ಕೈಕೆಲಸ ಅದ್ಭುತ. ಅವನ ಹಲವು ಅಚ್ಚುಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವನೇ ಹೊಡೆದ ಪ್ರತಿಗೆ ಪುನರುಜ್ಜೀವನ ಕಾಲದ ಪದಕವಾಗಿ ಒಳ್ಳೆಯ ಬೆಲೆಯಿದೆ. ಆದರೆ ಮಾರುಕಟ್ಟೆಯಲ್ಲಿ ಓಡಾಡುವುದು ಬಹುಪಾಲು ಅದರಿಂದ ಎರಕ ಹೊಯ್ದ ನಕಲುಗಳು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಸುತ್ತಲೂ ಬೆಸುಗೆಯಂಥ ಗೆರೆ, ಅದನ್ನು ಅರದಿಂದ ಉಜ್ಜಿದ ಗೀರು ಕಾಣಬಹುದು. ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ದುಂಡು ಗುಳಿಗಳಿರುತ್ತವೆ, ಅಕ್ಷರದ ಬುಡ ಮೊಂಡಾಗಿರುತ್ತದೆ.

ಓಥೋನ ಅಸಲಿ ಕಂಚು ಬೇಕೇಬೇಕೆಂದರೆ ಸಿರಿಯಾದ ಆಂಟಿಯೋಕ್ ಕಡೆ ನೋಡಿ. ಅಲ್ಲಿನ ನಾಣ್ಯದ ಹಿಂಬದಿಯಲ್ಲಿ ಚಿತ್ರವಿಲ್ಲ. ಎಲೆಗಳ ಹಾರದ ನಡುವೆ ಎಸ್ ಮತ್ತು ಸಿ ಎಂಬ ಎರಡು ದೊಡ್ಡ ಅಕ್ಷರಗಳಿವೆ. ಮುಂಬದಿಯ ತಲೆಗೂದಲನ್ನು ಗಮನಿಸಿ. ಓಥೋ ವಿಗ್ ಹಾಕುತ್ತಿದ್ದನೆಂದು ರೋಮನ್ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಬಿಡಿಸಿಟ್ಟಂಥ ಆ ಸಾಲುಸಾಲು ಗುಂಗುರು ರೋಮಿನ ಬೆಳ್ಳಿ ದಿನಾರಿಯಸ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ದಿನಾರಿಯಸ್ ದುಬಾರಿಯಾದರೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಟೆಟ್ರಾಡ್ರಾಕ್ಮ್ (ನಾಲ್ಕು ಡ್ರಾಕ್ಮ್ ಮೌಲ್ಯದ ನಾಣ್ಯ) ಸಾಮಾನ್ಯವಾಗಿ ಅದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಯಾವುದನ್ನೇ ಕೊಳ್ಳಿ, ಅಸಲಿಯಲ್ಲದಿದ್ದರೆ ಹಣ ವಾಪಸ್ ಎಂದು ಬರೆದುಕೊಡುವವರಿಂದಲೇ ಕೊಳ್ಳಿ.